ಓರಗಿತ್ತಿಯ ಬೆರಳು

ಗೂಡುಪೇಟೆಗೆ ಕೈನಕ್ಷೆಯ ಯಂತ್ರ ಬಂದ ವರ್ಷ ಮುನಿರತ್ನಮ್ಮನಿಗೆ ಐವತ್ತಾರು. ಅದರಲ್ಲಿ ಮೂವತ್ತೊಂದು ವರ್ಷ ಆಕೆ ಒಬ್ಬಳೇ ಒಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಬಂದಿದ್ದಳು. ಆ ಒಬ್ಬಳು ಮೈದುನನ ಹೆಂಡತಿ ಅಂಬುಜ.

ಓರಗಿತ್ತಿಯರೆಂದ ಮೇಲೆ ಇದೇನು ಹೊಸದು ಎನ್ನಬಹುದು. ಆದರೆ ಜಗಳವಾಡಲು ಅಂಬುಜ ಒಂದು ಕಾರಣವನ್ನಾದರೂ ಕೊಡಬೇಕಲ್ಲ? ಕೊಡುತ್ತಿರಲಿಲ್ಲ. ಅವಳು ಮಾಡಿದ ಸಾರಿಗೆ ಮನೆಮಂದಿಯೆಲ್ಲ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರು. ಹಾಲು ಕರೆಯಲು ಬಿಡದ ಹಸು ಅವಳ ದನಿ ಕೇಳಿದರೆ ಸುಮ್ಮನೆ ನಿಲ್ಲುತ್ತಿತ್ತು. ಹಾಸಿಗೆ ಹಿಡಿದ ಅತ್ತೆ ಕೊನೆಯ ದಿನಗಳಲ್ಲಿ, ಬಾಚಣಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಹಿರಿಯ ಸೊಸೆಗೆ, "ತಲೆ ಬಾಚೋಕೆ ಚಿಕ್ಕೋಳನ್ನ ಕರಿಯಮ್ಮ, ಅವಳ ಕೈ ಹಗೂರ" ಎಂದಿದ್ದಳು. ಮುನಿರತ್ನಮ್ಮ ಕರೆದಳು. ಬಾಚಣಿಗೆ ಕೊಟ್ಟಳು. ಹಿತ್ತಲಿಗೆ ಹೋಗಿ, ಒಗೆದು ಹಾಕಿದ್ದ ಬಟ್ಟೆಯನ್ನೇ ಮತ್ತೆ ಒಗೆದಳು.

ಒಂದೇ ಒಂದು ವಿಷಯದಲ್ಲಿ ಆಕೆಯ ಸಮಕ್ಕೆ ಅಂಬುಜ ಬರಲಾರಳು. ಅದು ರೇಷ್ಮೆ ನೂಲು.

ಗೂಡುಪೇಟೆಯ ಮೂರು ಸಾವಿರ ಮನೆಗಳಲ್ಲಿ ಎರಡು ಸಾವಿರ ಮನೆಗಳು ರೇಷ್ಮೆಗೂಡಿನಿಂದ ನೂಲು ಬಿಚ್ಚಿಯೇ ಬದುಕಿದವು. ಬೇಯಿಸಿದ ಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಅದರ ಮುಂದೆ ಕೂತವಳು ಬೆರಳ ತುದಿಯಲ್ಲೇ ಎಳೆಯ ಕೊನೆ ಹುಡುಕಿ, ಎಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಬಿಡುತ್ತಾಳೆ. ರಾಟೆಯ ಹತ್ತಿರ, ಅವಳ ಬೆನ್ನಿಗೆ, ಇನ್ನೊಬ್ಬಳು ಕೂತಿರುತ್ತಾಳೆ. ನೂಲು ಹರಿದರೆ ಬೆಸೆಯುವುದು ಅವಳ ಕೆಲಸ. ಮುಂದೆ ಕೂತವಳಿಗೆ ಹೆಸರುಂಟು, ಹಿಂದೆ ಕೂತವಳಿಗಿಲ್ಲ. ನೂಲಿನ ಲಡಿಗೆ ಕಟ್ಟುವ ಚೀಟಿಯಲ್ಲಿ ಮುಂದಿನವಳ ಹೆಸರೇ ಇರುತ್ತದೆ. ಹಿಂದಿನವಳನ್ನು ಯಾರಾದರೂ ಕೇಳಿದರೆ ಅವಳು ತನ್ನ ಬೇಸಿನ್ನಿನ ನಂಬರು ಹೇಳುತ್ತಾಳೆ, ಅಷ್ಟೆ. ಊರಿನ ರೂಢಿ ಹಾಗೆ.

ಏಳನೇ ಬೇಸಿನ್ನಿನ ಮುಂದೆ ಮುನಿರತ್ನಮ್ಮ, ಹಿಂದೆ ಅಂಬುಜ. ಮದುವೆಯಾಗಿ ಬಂದ ಹೊಸದರಲ್ಲಿ ಅಂಬುಜಳನ್ನೂ ಮುಂದೆ ಕೂರಿಸಿ ನೋಡಿದ್ದರು. ಎಳೆದದ್ದೆಲ್ಲ ಹರಿಯಿತು. ಅವಳೇ ನಗುತ್ತ ಎದ್ದು ಹಿಂದೆ ಹೋಗಿ ಕೂತಿದ್ದಳು. "ರತ್ನಮ್ಮನ ನೂಲು ಹರಿಯಾಕಿಲ್ಲ" ಎಂದು ಪೇಟೆಯೆಲ್ಲ ಹೇಳುತ್ತಿತ್ತು. ಆ ಒಂದು ಮಾತನ್ನು ನೆಚ್ಚಿಕೊಂಡೇ ಆಕೆ ಉಳಿದದ್ದನ್ನೆಲ್ಲ ನುಂಗಿದ್ದಳು.

ಅಷ್ಟರಲ್ಲಿ ರೇಷ್ಮೆಯ ಬುಡಕ್ಕೇ ಕುತ್ತು ಬಂತು. ಹೊರದೇಶಗಳಲ್ಲಿ ಈಸ್ಟಿಗೆ ರೇಷ್ಮೆಹುಳುವಿನ ಗುಣ ಸೇರಿಸಿ, ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಹುದುಗಿಸಿ ಎಳೆ ತೆಗೆಯತೊಡಗಿದರು. ಹುಳು ಬೇಡ, ಹಿಪ್ಪುನೇರಳೆ ಬೇಡ, ಬಿಸಿನೀರಿಗೆ ಕೈ ಹಾಕುವ ಹೆಂಗಸರು ಬೇಡ. ವಾರಕ್ಕೆ ನಾಲ್ಕು ಲಾರಿ ಬಂದರಿಗೆ ಹೋಗುತ್ತಿದ್ದ ಊರಿನಿಂದ ತಿಂಗಳಿಗೊಂದು ಹೋಗುವುದೂ ಅನುಮಾನವಾಯಿತು. ನೂಲು ಬಿಚ್ಚುವ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದವು.

ಆಗ ಬಂದವಳು ತಸ್ನೀಮ್, ರಫ್ತು ವೈವಿಧ್ಯ ಕೇಂದ್ರದ ಇಂಜಿನಿಯರು. ಕೋಲಾರದ ಹುಡುಗಿ. ಹಳೆಯ ಗೂಡು ಮಾರುಕಟ್ಟೆಯ ಹಜಾರದಲ್ಲಿ ಯಂತ್ರಗಳನ್ನು ಇಳಿಸಿ, ಹೆಂಗಸರನ್ನೆಲ್ಲ ಕೂರಿಸಿಕೊಂಡು ಮಾತಾಡಿದಳು.

"ಒಂದೇ ಸರಕು ಕಳಿಸೋ ಊರು ಒಂಟಿ ಕಾಲಲ್ಲಿ ನಿಂತ ಹಾಗೆ. ಇನ್ನೊಂದು ಕಾಲು ಎಲ್ಲಿ ಊರಬೇಕು ಅಂತ ಹುಡುಕೋಕೆ ಬಂದಿದ್ದೀನಿ. ನಾಳೆಯಿಂದ ವಿಮಾನ ಮಾಡಿ ಅಂದ್ರೆ ನಿಮ್ಮಿಂದ ಆಗಲ್ಲ. ಆದ್ರೆ ನಿಮಗೆ ಗೊತ್ತಿರೋ ಕೆಲಸದ ಪಕ್ಕದ ಮನೆಯಲ್ಲೇ ಇನ್ನೊಂದು ಕೆಲಸ ಇರುತ್ತೆ. ಅದು ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಕೈಗೆ ಗೊತ್ತು."

"ನಂಗೆ ಮುದ್ದೆ ಕಟ್ಟೋಕೆ ಚೆಂದಾಗಿ ಬರ್ತೈತೆ. ಜಪಾನಿಗೆ ಕಳಿಸ್ತೀಯೇನಮ್ಮ?" ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. ಹಜಾರವೆಲ್ಲ ನಕ್ಕಿತು.

"ಗ್ಲೌಸು ಹಾಕ್ಕೊಂಡು ಕಟ್ಟಜ್ಜಿ, ಅದನ್ನೂ ನೋಡೋಣ" ಎಂದು ತಸ್ನೀಮಳೂ ನಕ್ಕಳು.

ಗ್ಲೌಸು ಈರುಳ್ಳಿ ಸಿಪ್ಪೆಯಷ್ಟು ತೆಳು. ಹಾಕಿಕೊಂಡು ಎಂದಿನಂತೆ ಕೆಲಸ ಮಾಡಿದರೆ ಬೆರಳಿನ ಒತ್ತಡ, ನಡುಕ, ವೇಗ, ಅನುಮಾನ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಜಗತ್ತಿನಲ್ಲಿ ಕೊಂಡು ಮಾರುವ ಐದು ಸಾವಿರ ಸರಕುಗಳಿಗೆ ಎಂತೆಂಥ ಕೈ ಬೇಕೆಂಬ ಲೆಕ್ಕ ಯಂತ್ರದೊಳಗಿದೆ. ಈ ಕೈಗೂ ಆ ಸರಕಿಗೂ ಎಷ್ಟು ದೂರವೆಂದು ಅದು ಅಳೆಯುತ್ತದೆ. ಆ ಅಳತೆಗೆ ನೆರೆದೂರ ಎಂದು ಹೆಸರು. ಕಡಿಮೆ ಬಂದಷ್ಟೂ ಹತ್ತಿರ. ಬರೆದುಕೊಂಡ ಕೈಯನ್ನು ಬೇರೆಯವರಿಗೆ ಕಲಿಸುವುದಕ್ಕೂ ಬರುತ್ತದೆ. ಇನ್ನೊಬ್ಬರು ಅದೇ ಗ್ಲೌಸು ಹಾಕಿಕೊಂಡರೆ, ಒಳಗಿನಿಂದ ಯಾರೋ ಬೆರಳು ಹಿಡಿದು ನಡೆಸಿದಂತೆ ಅದು ನಡೆಸುತ್ತದೆ.

ಅಳತೆಯ ದಿನ ತಸ್ನೀಮ್ ಪ್ರತಿ ಗ್ಲೌಸನ್ನೂ ಟೀ ಫ್ಲಾಸ್ಕಿಗೆ ಒಂದು ಗಳಿಗೆ ಒತ್ತಿ ಹಿಡಿದು ಆಮೇಲೆ ಕೊಡುತ್ತಿದ್ದಳು. ವಯಸ್ಸಾದ ಕೈಗಳಿಗೆ ತಣ್ಣಗೆ ತಗಲಬಾರದೆಂದು. ಇದನ್ನು ಅವಳಿಗೆ ಯಾವ ಕೇಂದ್ರವೂ ಹೇಳಿಕೊಟ್ಟಿರಲಾರದು. ಬಾಗಿಲಲ್ಲಿ ಕೂತ ಗುಮಾಸ್ತ ಹೆಸರು ಬರೆದುಕೊಳ್ಳುತ್ತಿದ್ದ. ಮುನಿರತ್ನಮ್ಮ ತನ್ನ ಹೆಸರು ಬರೆಸಿದಳು. ಮಧ್ಯಾಹ್ನ ಅಂಬುಜಳ ಸರದಿ ಬಂದಾಗ, "ಹೆಸರೇನಮ್ಮ?" ಎಂದ.

"ಏಳನೇ ಬೇಸಿನ್ ಸ್ವಾಮಿ" ಎಂದಳು ಅಂಬುಜ.

ಗುಮಾಸ್ತ ಏಳನೇ ಬೇಸಿನ್ ಯಾರದೆಂದು ಪಟ್ಟಿಯಲ್ಲಿ ನೋಡಿ, ಮುನಿರತ್ನಮ್ಮ ಎಂದು ಇನ್ನೊಮ್ಮೆ ಬರೆದುಕೊಂಡ. ಎಂದಿನಂತೆ ಮುನಿರತ್ನಮ್ಮ ಮುಂದೆ ಕೂತು ಎಳೆದಳು, ಗ್ಲೌಸು ಹಾಕಿಕೊಂಡ ಅಂಬುಜ ಹಿಂದೆ ಕೂತು ಬೆಸೆದಳು.

ಮೂರು ವಾರದ ಮೇಲೆ ಗೂಡುಪೇಟೆಗೆ ಪಕ್ಕದ ಮನೆ ಸಿಕ್ಕಿತು. ಅದರ ಹೆಸರು ನರನಾಳ. ಅಪಘಾತದಲ್ಲಿ ನರ ತುಂಡಾದವರಿಗೆ, ತುಂಡಾದ ಎರಡು ತುದಿಗಳ ಮಧ್ಯೆ ರೇಷ್ಮೆಯ ಸಣ್ಣ ಕೊಳವೆಯೊಂದನ್ನು ಇಡುತ್ತಾರೆ. ನರ ಆ ಕೊಳವೆಯೊಳಗೆ ತಡಕಾಡುತ್ತ ಬೆಳೆದು ಆಚೆಯ ತುದಿಯನ್ನು ಮುಟ್ಟುತ್ತದೆ. ಅಕ್ಕಿಕಾಳಿನಷ್ಟಿರುವ ಆ ಕೊಳವೆಯ ಒಳಮೈಯಲ್ಲಿ ನೂರಾರು ಬೆಸುಗೆಗಳಿರುತ್ತವೆ. ಒಂದರಲ್ಲೂ ಗಂಟಿರಬಾರದು. ಗಂಟು ಸಿಕ್ಕಿದರೆ ನರ ಅಲ್ಲೇ ನಿಂತುಬಿಡುತ್ತದೆ. ಪೀಪಾಯಿಯ ರೇಷ್ಮೆಗೆ ಗೂಡಿನ ಅಂಟು ಇಲ್ಲದ್ದರಿಂದ ಅದು ಹೀಗೆ ಬೆಸೆದುಕೊಳ್ಳುವುದಿಲ್ಲ. ಯಂತ್ರದ ಬೆರಳಿಗೆ ಒದ್ದೆ ಎಳೆಯ ಹದ ತಿಳಿಯುವುದಿಲ್ಲ.

"ನಕ್ಷೆಯಲ್ಲಿ ಇಷ್ಟು ಹತ್ತಿರದ ಕೈ ನಾನು ನೋಡೇ ಇಲ್ಲ. ಮುನಿರತ್ನಮ್ಮ, ಅದು ನಿಮ್ಮದು!" ಎಂದಳು ತಸ್ನೀಮ್, ತುಂಬಿದ ಹಜಾರದಲ್ಲಿ. "ಬೆಳಗಿನ ಅಳತೆಯಲ್ಲಿ ಸುಮಾರಾಗಿತ್ತು. ಮಧ್ಯಾಹ್ನದ್ದು ನೋಡಿ!"

ಪರದೆಯ ಮೇಲೆ ಎರಡು ಬೆಳಕಿನ ಕೈಗಳು ಮೂಡಿದವು. ಹರಿದ ನೂಲಿನ ಎರಡು ತುದಿ ಹಿಡಿದು, ಎಡಗೈ ಹೆಬ್ಬೆರಳನ್ನು ಬೇಸಿನ್ನಿನ ಅಂಟುನೀರಿಗೆ ಅದ್ದಿ, ಎರಡನ್ನೂ ಒಂದರೊಳಗೊಂದು ಹೊಸೆದು ಬಿಟ್ಟವು. ಗಂಟಿಲ್ಲ. ಹೊಸೆದ ಮೇಲೆ ಕಿರುಬೆರಳು ಒಂದು ಸಲ ನೂಲನ್ನು ಸವರಿತು, ಮಗುವಿನ ಕೆನ್ನೆ ಸವರುವ ಹಾಗೆ.

ಮುನಿರತ್ನಮ್ಮನಿಗೆ ಆ ಕಿರುಬೆರಳು ಗೊತ್ತಿತ್ತು. ಉಪ್ಪಿನ ಜಾಡಿಯ ಬಾಯಿ ಸವರುವ, ಅತ್ತೆಯ ಬೈತಲೆ ಸವರಿದ ಕಿರುಬೆರಳು ಅದು. ತನ್ನದಲ್ಲ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಕೆ ಬಾಯಿ ತೆರೆದಳು. ಆಗ ಎದುರಿಗೆ ಅಂಬುಜ ಕಂಡಳು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ. ಮುನಿರತ್ನಮ್ಮ ಬಾಯಿ ಮುಚ್ಚಿಕೊಂಡಳು.

ಹೊರದೇಶದ ಆಸ್ಪತ್ರೆಗಳ ಕೂಟವೊಂದು ಕೊಳವೆಗಳನ್ನು ಕೊಳ್ಳಲು ಮುಂದೆ ಬಂದಿತ್ತು. ಮೂರು ದೇಶಗಳ ಮೂರು ಊರುಗಳು ಮಾದರಿ ಕಳಿಸಬೇಕು, ಗೆದ್ದ ಊರಿಗೆ ಹತ್ತು ವರ್ಷದ ಕೆಲಸ. ಗೂಡುಪೇಟೆಗೆ ಹದಿನೈದು ದಿನವಿತ್ತು. ಅಷ್ಟರೊಳಗೆ ಆ ಕೈಯ ಒಡತಿ ಕೊಳವೆ ಮಾಡುವುದನ್ನು ಗ್ಲೌಸಿಗೆ ಪೂರ್ತಿ ಕಲಿಸಬೇಕು. ಅದೇ ಮಾದರಿ ಕೈ. ಅದನ್ನು ಹಾಕಿಕೊಂಡು ನಾನೂರು ಹೆಂಗಸರು ಕಲಿಯುತ್ತಾರೆ. ಪ್ರತಿ ಪೆಟ್ಟಿಗೆಯ ಮೇಲೂ ಆ ಕೈಯವಳ ಹೆಸರು ಅಚ್ಚಾಗುತ್ತದೆ.

ಅಂದು ಮನೆಯಲ್ಲಿ ಅಂಬುಜ ಕಾಯೊಬ್ಬಟ್ಟು ಮಾಡಿದಳು. ಮೊದಲನೆಯದನ್ನು ಮುನಿರತ್ನಮ್ಮನ ತಟ್ಟೆಗೇ ಹಾಕಿದಳು.

"ಪೆಟ್ಟಿಗೆ ಮ್ಯಾಲೆ ಅಕ್ಕನ ಹೆಸರು! ನಮ್ಮ ಮನೆ ಹೆಸರು ಹೊರದೇಶಕ್ಕೆ ಹೋಗ್ತೈತೆ ನೋಡ್ರೀ" ಎಂದು ಗಂಡಸರಿಗೆ ಹೇಳಿದಳು.

"ನಮ್ಮತ್ತಿಗೆ ಇನ್ಮೇಲೆ ಮುದ್ದೆ ತಿರುವ್ತಾರೋ ಇಲ್ವೋ" ಎಂದ ಮೈದುನ.

ಒಬ್ಬಟ್ಟು ತುಂಬ ಚೆನ್ನಾಗಿತ್ತು. ಮುನಿರತ್ನಮ್ಮನಿಗೆ ಅದೂ ಒಂದು ಸಂಕಟ. ಇವಳಿಗೆ ಗೊತ್ತೋ, ಗೊತ್ತಿಲ್ಲವೋ? ತನ್ನ ಕೈಯನ್ನು ತಾನೇ ಗುರುತಿಸದಷ್ಟು ದಡ್ಡಿಯೇ? ಅಥವಾ ಗುರುತಿಸಿಯೂ ಕೊಟ್ಟುಬಿಟ್ಟಳೆ, ಎರಡನೇ ಒಬ್ಬಟ್ಟು ಕೊಟ್ಟಂತೆ? ಯಾವುದು ನಿಜವಾದರೂ ಹೊಟ್ಟೆಯೊಳಗಿನ ಉರಿ ಒಂದೇ.

ಮಾರನೆಯ ದಿನದಿಂದ ಆಕೆ ಕೊಳವೆ ಮಾಡಲು ಕೂತಳು. ಎಳೆ ಹುಡುಕುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಆದರೆ ಕೊಳವೆಯ ಕೆಲಸವೆಲ್ಲ ಬೆಸೆಯುವುದರಲ್ಲಿತ್ತು. ನೂಲೇ ಹರಿಯದವಳು ಬೆಸೆಯುವುದನ್ನು ಎಲ್ಲಿ ಕಲಿತಿದ್ದಾಳು? ಹೊಸೆದರೆ ಬಿಡುತ್ತಿತ್ತು, ಒತ್ತಿದರೆ ಗಂಟಾಗುತ್ತಿತ್ತು. ನಾಲ್ಕು ದಿನದಲ್ಲಿ ನಲವತ್ತು ಕೊಳವೆ. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ತಸ್ನೀಮ್ ತಲೆ ಅಲ್ಲಾಡಿಸುತ್ತಿದ್ದಳು.

"ಗ್ಲೌಸು ಬಿಗಿ ಆಗ್ತೈತೆ ಕಣಮ್ಮ" ಎಂದಳು ಮುನಿರತ್ನಮ್ಮ.

ತಸ್ನೀಮ್ ಬೇರೆ ಗ್ಲೌಸು ತಂದಳು. ಕುರ್ಚಿಗೆ ದಿಂಬು ಹಾಕಿದಳು. ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಕಿಟಕಿಗೆ ತನ್ನದೇ ದುಪಟ್ಟಾ ಕಟ್ಟಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

ಹತ್ತನೆಯ ದಿನ ತಸ್ನೀಮ್ ಹೇಳಿದಳು: "ಅಮ್ಮ, ನಿಮ್ಮ ಕೈಗೆ ಆವತ್ತಿನ ಹದ ಮರೆತುಹೋಗಿದೆ. ಆವತ್ತು ಬರೆದುಕೊಂಡದ್ದನ್ನ ನಿಮ್ಮ ಕೈಗೇ ಒಂದ್ಸಲ ತುಂಬ್ತೀನಿ. ನೆನಪಾಗಬಹುದು."

ಗ್ಲೌಸಿನೊಳಗೆ ಬೆರಳು ಸೇರಿದ ಕೂಡಲೇ ಮುನಿರತ್ನಮ್ಮನಿಗೆ ತಿಳಿಯಿತು. ಅಂಬುಜ ಒಳಗಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಹಿಡಿಯದ ಆ ಕೈ ಈಗ ತನ್ನ ಚರ್ಮದ ಮೇಲೇ ಕೂತು, ಹೆಬ್ಬೆರಳನ್ನು ಮೆತ್ತಗೆ ಬಾಗಿಸಿ ಹೊಸೆಯಿತು. ಅದಕ್ಕೆ ಅವಸರವಿರಲಿಲ್ಲ. ಪ್ರತಿ ಸಲ ಬೆಸೆಯುವ ಮುಂಚೆ ಅದು ನೂಲನ್ನು ಸ್ವಲ್ಪ ಎಡಕ್ಕೆ ತಳ್ಳಿ, ಒಂದು ಕ್ಷಣ ತಡೆದು, ಆಮೇಲೆ ಕೆಲಸ ಮುಗಿಸಿ ಬಿಡುತ್ತಿತ್ತು.

"ಇದ್ಯಾಕೆ ಹಂಗೆ ಎಡಕ್ಕೆ ತಳ್ತೈತೆ?"

"ನೀವೇ ಹೇಳಬೇಕಮ್ಮ! ನನಗೆ ಕಾಣೋ ಹಾಗೆ, ಮುಂದೆ ಎಳೆಯೋರಿಗೆ ಜಗ್ಗಿದ್ದು ಗೊತ್ತಾಗಬಾರದು ಅಂತ ಸಡಿಲ ಬಿಟ್ಟಿದ್ದೀರಿ. ಆ ಹೊತ್ತಿನ ಬೇಸಿನ್ ಲೆಕ್ಕ ಇಲ್ಲಿದೆ ನೋಡಿ. ಒಂದು ಗಂಟೆಯಲ್ಲಿ ನೂಲು ಹನ್ನೊಂದು ಸಲ ಹರಿದಿದೆ. ಹನ್ನೊಂದೂ ಬೆಸೆದಿದೆ."

"ಏಳನೇ ಬೇಸಿನ್ನಿಂದು ಹರಿಯಾಕಿಲ್ಲ."

"ಎಲ್ಲರದೂ ಹರಿಯುತ್ತೆ ಅಮ್ಮ. ಅದರಲ್ಲೇನಿದೆ?"

ಮುನಿರತ್ನಮ್ಮ ಗ್ಲೌಸು ಕಿತ್ತು ಮೇಜಿನ ಮೇಲಿಟ್ಟಳು. ಗಂಟೆಗೆ ಹನ್ನೊಂದು. ದಿನಕ್ಕೆ, ವರ್ಷಕ್ಕೆ ಎಷ್ಟೆಂದು ಆಕೆ ಯೋಚಿಸಲಿಲ್ಲ, ಯೋಚಿಸಲಾಗಲಿಲ್ಲ. ಊರು ಆಡುತ್ತಿದ್ದ ಆ ಒಂದು ಮಾತು, ತನ್ನದೆಂದು ಇದ್ದ ಒಂದೇ ಒಂದು, ಅದೂ ಅಂಬುಜಳ ಕೈಯದೇ.

ಕೃತಜ್ಞತೆ ಬರಬೇಕಿತ್ತು. ಓದುವವರಿಗೆ ಹಾಗೆ ಅನ್ನಿಸಬಹುದು. ಮುನಿರತ್ನಮ್ಮನಿಗೆ ಬಂದದ್ದು ಮಾತ್ರ ಈ ಮೊದಲು ಎಂದೂ ಬಾರದಂಥ ಹೊಟ್ಟೆಕಿಚ್ಚು. ದಾರಿಯುದ್ದಕ್ಕೂ ಅದನ್ನು ಹೊತ್ತುಕೊಂಡೇ ಮನೆಗೆ ನಡೆದಳು.

ಅಂಬುಜ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಕ್ಕನ ಮುಖ ನೋಡಿ, ಕೇಳದೆಯೇ ಎದ್ದು ನೀರು ಕೊಟ್ಟಳು.

"ಕೊಳವೆ ಇವತ್ತೂ ಕೆಟ್ಟೋಯ್ತಾ ಅಕ್ಕ?"

"ಹೂಂ."

ಅಂಬುಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕಬೇಡಿ. ನಾಳಿಕ್ಕೆ ನಾನೂ ಬರ್ತೀನಿ. ಕೈ ನೋವು, ಜೊತೆಗೊಬ್ಬರು ಬೇಕು ಅಂತ ಆ ಹುಡುಗಿಗೆ ಹೇಳಿ. ನೀವು ಮುಂದೆ ಕೂತ್ಕಳಿ. ನಾನು ಎಂದಿನಂಗೆ ಹಿಂದೆ ಕೂತು ಮಾಡಿಕೊಟ್ಟುಬಿಡ್ತೀನಿ. ಯಾರಿಗೂ ಗೊತ್ತಾಗಾಕಿಲ್ಲ."

"ಅಂದ್ರೆ ನಿಂಗೆ ಗೊತ್ತಿತ್ತು."

ಅಂಬುಜ ಅವರೆಕಾಯಿಯ ಮೊರ ನೋಡಿದಳು. "ಆವತ್ತೇ ಗೊತ್ತಾಯ್ತು. ಪರದೆ ಮ್ಯಾಲೆ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ಮ ಹೆಸರು ಕೂಗಿದಾಗ ನಿಮ್ಮ ಮುಖ ನೋಡಿದ್ದೆ. ಎಷ್ಟು ಖುಷಿಯಾಗಿತ್ತು! ಇರ್ಲಿ ಬಿಡು ಅಂದ್ಕೊಂಡೆ."

"ನನ್ನ ನೂಲು ಗಂಟೆಗೆ ಹನ್ನೊಂದು ಸಲ ಹರೀತದಂತೆ. ಅದೂ ಗೊತ್ತಿತ್ತಾ?"

ಅಂಬುಜ ಸುಲಿದ ಕಾಳನ್ನೇ ಮತ್ತೆ ಆರಿಸತೊಡಗಿದಳು. ಬೇರೆ ಉತ್ತರ ಬೇಕಾಗಿರಲಿಲ್ಲ.

"ಯಾಕೆ ಹೇಳ್ಲಿಲ್ಲ?" ಮುನಿರತ್ನಮ್ಮ ನೀರಿನ ಲೋಟ ಕುಕ್ಕಿದಳು. "ಅಕ್ಕ, ಹರೀತು ಅಂತ ಒಂದ್ ದಿನ, ಒಂದೇ ಒಂದ್ ದಿನ ಯಾಕೆ ಹೇಳ್ಲಿಲ್ವೇ ನೀನು?"

"ಬಂದ ಹೊಸದ್ರಲ್ಲಿ ಒಂದ್ಸಲ ಹೇಳೋಕೆ ಬಂದೆ. ನೀವು ಅತ್ತೆ ಕೈಲಿ ಬೈಸ್ಕೊಂಡು ಅಳ್ತಾ ಕೂತಿದ್ರಿ. ಇದನ್ನೂ ಯಾಕೆ ಹೇಳೋದು ಅಂತ ಬೆಸೆದುಬಿಟ್ಟೆ. ಆಮೇಲೆ ಅದೇ ರೂಢಿ ಆಯ್ತು."

"ಸಾರು ನೀನು ಕೊಟ್ಟಿ, ಒಬ್ಬಟ್ಟು ನೀನು ಕೊಟ್ಟಿ. ನನ್ನ ಹೆಸರೂ ನೀನೇ ಕೊಟ್ಟಿದ್ದು ಅಂತ ಇವತ್ತು ಗೊತ್ತಾಯ್ತು. ಈಗ ಪೆಟ್ಟಿಗೆ ಮ್ಯಾಲಿನ ಅಚ್ಚನ್ನೂ ನಿನ್ನಿಂದ ಇಸ್ಕೊಂಡು ಬದುಕಬೇಕಾ ನಾನು? ನನ್ನ ಕೈಲಾಗಾಕಿಲ್ಲ. ನಿನ್ನ ಉಪಕಾರ ನಂಗೆ ಸಾಕಾಗೈತೆ ಕಣೇ!"

ಅಂಬುಜ ಅತ್ತಳು. ಅವಳು ಅತ್ತದ್ದನ್ನು ಮುನಿರತ್ನಮ್ಮ ನೋಡಿದ್ದು ಅದೇ ಮೊದಲು. ಸ್ವಲ್ಪ ಸಮಾಧಾನವಾಯಿತು ಎಂದರೆ ತಪ್ಪಾಗಿ ತಿಳಿಯಬಾರದು.

ಮರುದಿನ ಬೆಳಿಗ್ಗೆ ಹಜಾರದಲ್ಲಿ ನೂರು ಹೆಂಗಸರು ತರಬೇತಿಗೆಂದು ಕಾಯುತ್ತಿದ್ದರು. ಮುನಿರತ್ನಮ್ಮ ನೇರವಾಗಿ ಯಂತ್ರದ ಮುಂದೆ ಹೋಗಿ ನಿಂತಳು.

"ಇಂಜಿನಿಯರಮ್ಮ, ಆ ಕೈ ನಂದಲ್ಲ."

ತಸ್ನೀಮಳಿಗೆ ಅರ್ಥವಾಗಲಿಲ್ಲ. "ಹೆಸರು ನಿಮ್ಮದೇ ಇದೆಯಲ್ಲಮ್ಮ?"

"ನಮ್ಮೂರಾಗೆ ಹಿಂದೆ ಕೂತೋರಿಗೆ ಹೆಸರಿಲ್ಲ. ಕೇಳಿದ್ರೆ ಬೇಸಿನ್ ನಂಬರು ಹೇಳ್ತಾರೆ. ನಿಮ್ಮ ಗುಮಾಸ್ತ ಬೇಸಿನ್ ನನ್ನದು ಅಂತ ನನ್ನ ಹೆಸರು ಬರ್ಕೊಂಡವ್ನೆ. ಕೈ ನನ್ನ ಓರಗಿತ್ತೀದು. ಆವತ್ತೇ ಗೊತ್ತಾಯ್ತು ನಂಗೆ. ಹೇಳ್ಲಿಲ್ಲ."

"ಯಾಕಮ್ಮ?"

"ಹೊಟ್ಟೆಕಿಚ್ಚು" ಎಂದಳು ಮುನಿರತ್ನಮ್ಮ, ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸರಳವಾಗಿ. "ಈಗ ಹೇಳ್ತಿರೋದೂ ಅದಕ್ಕೇ ಅಂದ್ಕೊ. ಬರ್ಕೋ. ಅಂಬುಜ. ಅಂಬುಜಮ್ಮ ಅಂತ ಬರಿ."

ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು, "ನನ್ನ ಹೆಸರು ಪಾಪಕ್ಕ. ಹದಿನೆಂಟನೇ ಬೇಸಿನ್ ಅಂತ ಬರೆದಿದ್ರೆ ಅದನ್ನೂ ತಿದ್ದಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಗುಮಾಸ್ತ ಪೆನ್ನು ಹುಡುಕತೊಡಗಿದ. ಆ ಬೆಳಿಗ್ಗೆ ನಲವತ್ತಮೂರು ಹೆಸರು ತಿದ್ದಬೇಕಾಯಿತು. ತಿದ್ದಿದ ಮೇಲೆ ನೋಡಿದರೆ, ನಕ್ಷೆಯಲ್ಲಿ ನರನಾಳಕ್ಕೆ ಹತ್ತಿರವಿದ್ದ ಕೈಗಳೆಲ್ಲವೂ ಹಿಂದೆ ಕೂತವರದೇ.

ಅಂಬುಜಳ ಕೊಳವೆಗಳಲ್ಲಿ ಮೊದಲಿನ ಆರು ಕೆಟ್ಟವು, ಏಳನೆಯದು ಸರಿಯಾಯಿತು. ಹದಿನೈದನೆಯ ದಿನ ಸಂಜೆ ಮಾದರಿ ಹೋಯಿತು. ಎರಡು ತಿಂಗಳ ಮೇಲೆ ಉತ್ತರ ಬಂತು. ಪೂರ್ತಿ ಗೆಲುವಲ್ಲ. ಅರ್ಧ ಕೆಲಸ ಬೇರೊಂದು ದೇಶದ ಬಲೆ ಹೆಣೆಯುವ ಊರಿಗೆ, ಅರ್ಧ ಗೂಡುಪೇಟೆಗೆ. ಬಾಗಿಲು ಹಾಕಿದ್ದ ಶೆಡ್ಡುಗಳಲ್ಲಿ ಹತ್ತೊಂಬತ್ತು ಮತ್ತೆ ತೆರೆದವು. ಪೆಟ್ಟಿಗೆಯ ಮೇಲೆ ಅಂಬುಜಳ ಹೆಸರು ಅಚ್ಚಾಯಿತು. ಮೊದಲ ಪೆಟ್ಟಿಗೆಯನ್ನು ಮುನಿರತ್ನಮ್ಮ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದಳು. ಹೊಟ್ಟೆ ಉರಿಯಿತು. ಉರಿಯುವುದಿಲ್ಲ ಎಂದು ಆಕೆಯೂ ಯಾರಿಗೂ ಹೇಳಿರಲಿಲ್ಲ.

ಬೆಸೆಯುವುದನ್ನು ಕಲಿಯಲು ಆಕೆ ತಾನಾಗಿಯೇ ಹೋದಳು. ತಸ್ನೀಮ್ ಗ್ಲೌಸನ್ನು ಫ್ಲಾಸ್ಕಿಗೆ ಒತ್ತಿ ಬೆಚ್ಚಗೆ ಮಾಡಿ ತಂದಾಗ ಬೇಡವೆಂದಳು.

"ಅದರೊಳಗಿರೋಳು ಬೈಯಾಕಿಲ್ಲ. ಸುಮ್ಮನೆ ತಾನೇ ಮಾಡಿಕೊಟ್ಟುಬಿಡ್ತಾಳೆ" ಎಂದು, ಅಂಬುಜಳ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. "ನೋಡು, ಈವಾಗಲೇ ಹೇಳಿರ್ತೀನಿ. ಹರಿದ್ರೆ ಹರೀತು ಅನ್ನು. ನೀನು ಮುಟ್ಟಬ್ಯಾಡ."

"ಹೂಂ ಅಕ್ಕ."

ಮುನಿರತ್ನಮ್ಮ ಎರಡು ತುದಿ ಹಿಡಿದಳು. ಹೆಬ್ಬೆರಳು ಅದ್ದಿದಳು, ಹೊಸೆದಳು. ಎಳೆದು ನೋಡಿದಾಗ ಬೆಸುಗೆ ನಿಂತಂತೆಯೇ ಕಂಡಿತು. ಮುಖ ಅರಳಿತು. ಪಕ್ಕದಲ್ಲಿ ಅಂಬುಜಳ ಕೈ ತಾನಾಗಿಯೇ ಎದ್ದದ್ದು ಕಾಣಿಸಿತು. ಅರ್ಧಕ್ಕೆ ಬಂದ ಕೈಯನ್ನು ಅವಳು ಕಷ್ಟಪಟ್ಟು ಹಿಂದಕ್ಕೆ ತೆಗೆದುಕೊಂಡು, ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡಳು.

"ಅಕ್ಕ" ಎಂದಳು ಅಂಬುಜ. "ಹರೀತು."